ಜುಲೈ ರಜೆಯಲ್ಲಿ ನೀಲಿ ತಿಮಿಂಗಿಲ ನೋಡಲು ಮಿರಿಸ್ಸಾಗೆ ಹೋಗಬಹುದಾ?

ಪ್ರಶ್ನೆ: ನಮ್ಮೂರು ಕಡಲಿಂದ ತುಂಬಾ ದೂರ. ಮಗಳಿಗೆ ನೀಲಿ ತಿಮಿಂಗಿಲ ನೋಡುವ ಹುಚ್ಚು. ಶ್ರೀಲಂಕಾದ ಮಿರಿಸ್ಸಾ ತಲುಪಿ, ಮರುದಿನ ಬೋಟ್ ಹತ್ತಿ, ಅಂದೇ ಸಂಜೆ ವಾಪಸ್. ಸಾಕಾಗುತ್ತಾ?

ಉತ್ತರ 1: ಮೇಡಂ, ಜುಲೈನಲ್ಲಿ ಮಿರಿಸ್ಸಾ ಬೇಡ. ಆಗ ಅಲ್ಲಿ ಮುಂಗಾರು, ಕಡಲು ಒರಟಾಗಿರುತ್ತದೆ. ಅಲ್ಲಿನ ಸೀಸನ್ ನವೆಂಬರ್‌ನಿಂದ ಏಪ್ರಿಲ್. ಜುಲೈನಲ್ಲೇ ಹೋಗುವುದಾದರೆ ಪೂರ್ವ ತೀರದ ಟ್ರಿಂಕೋಮಲಿ ನೋಡಿ. ಒಂದೇ ದಿನ ನಂಬಿಕೊಂಡು ಮಾತ್ರ ಹೋಗಬೇಡಿ. ಗಾಳಿ ಎದ್ದರೆ ಬೋಟ್ ಹೊರಡುವುದೇ ಇಲ್ಲ. ತಲುಪಿದ ಮರುದಿನಕ್ಕೇ ಬುಕ್ ಮಾಡಿ, ಅದರ ನಂತರ ಎರಡು ದಿನ ಖಾಲಿ ಇಡಿ. ಅಷ್ಟು ದೂರ ಹೋಗಿ ಮಗು ಸುಮ್ನೆ ವಾಪಸ್ ಬರಬಾರದು, ಅಲ್ವಾ?

ಉತ್ತರ 2: ವಾಂತಿ ಮಾತ್ರೆ ಬೋಟ್ ಹತ್ತುವ ಮೊದಲೇ ಕೊಡಬೇಕು. ತಲೆ ಸುತ್ತಿದ ಮೇಲೆ ಜಾಸ್ತಿ ಉಪಯೋಗವಿಲ್ಲ. ಮಗುವಿನ ಪ್ರಮಾಣ ಡಾಕ್ಟರ್ ಹತ್ತಿರ ಕೇಳಿ.

ಪ್ರಶ್ನೆ ಕೇಳಿದವರು: ಹಾಗಾದರೆ ಟ್ರಿಂಕೋಮಲಿಯೇ ಸರಿ. ಬೋಟ್ ಆರಿಸುವುದು ಹೇಗೆ?

ಉತ್ತರ 1: ತಿಮಿಂಗಿಲದಿಂದ ಎಷ್ಟು ದೂರ ನಿಲ್ಲಿಸುತ್ತೀರಿ ಅಂತ ಕೇಳಿ. 100 ಮೀಟರ್ ಅಂದರೆ ಒಳ್ಳೆಯದು. "ಪಕ್ಕಕ್ಕೇ ಕರೆದೊಯ್ಯುತ್ತೇವೆ" ಅಂದರೆ ದಯವಿಟ್ಟು ಬಿಟ್ಟುಬಿಡಿ. ಬೋಟ್‌ಗಳು ಅಟ್ಟಿಸಿಕೊಂಡು ಹೋದರೆ ಪಾಪ, ಅದು ಸರಿಯಾಗಿ ಉಸಿರೆಳೆಯದೆ ಮುಳುಗುತ್ತದೆ. ಉಸಿರಿನ ಕಾರಂಜಿಯೇ 9 ಮೀಟರ್ ಎತ್ತರ ಏಳಬಹುದು, ದೂರದಿಂದಲೂ ಕಾಣುತ್ತದೆ. ಬೈನಾಕ್ಯುಲರ್ ಒಯ್ಯಿರಿ.