ಅಪ್‌ಡೇಟ್: ಚೋರ್ ಬಜಾರಿನ ಆ ಪುಟ್ಟ ಕೆಂಪು ಬಸ್ಸು

ಮುಂಬಯಿಯ ಚೋರ್ ಬಜಾರಿನಲ್ಲಿ ಕೊಂಡ ಮ್ಯಾಚ್‌ಬಾಕ್ಸ್ ಎಂಬ ಪುಟ್ಟ ಆಟಿಕೆ ವಾಹನಗಳ ಸರಣಿಯ 5ನೇ ನಂಬರಿನ ಲಂಡನ್ ಬಸ್ಸಿನ ಹರಿದ ಪೆಟ್ಟಿಗೆಗೆ ಟೇಪು ಅಂಟಿಸಲೇ ಎಂದು ಹೋದ ತಿಂಗಳು ಇಲ್ಲಿ ಕೇಳಿದ್ದೆ. ಬೇಡವೆಂದು ತಡೆದವರಿಗೆಲ್ಲ ಕೈಮುಗಿಯುತ್ತೇನೆ. ಅಂಟು ಹಳದಿಗಟ್ಟಿ ಕಾಗದವನ್ನೇ ಕೆಡಿಸುತ್ತಿತ್ತು.

ಎಷ್ಟು ಹಳೆಯದೆಂದು ತಿಳಿಯಲು, ನೀವು ಹೇಳಿದಂತೆ ಬಸ್ಸನ್ನು ಭೂತಗನ್ನಡಿ ಹಿಡಿದು ನೋಡಿದೆ. ತಳದಲ್ಲಿ ‘ಲೆಸ್ನಿ, ಇಂಗ್ಲೆಂಡ್’ ಎಂಬ ಉಬ್ಬಕ್ಷರ ಸ್ಪಷ್ಟವಾಗಿದೆ. ಮ್ಯಾಚ್‌ಬಾಕ್ಸ್ ತಯಾರಿಸುತ್ತಿದ್ದ ಆ ಕಂಪನಿ 1982ರಲ್ಲೇ ದಿವಾಳಿಯಾಗಿತ್ತು, ಹಾಗಾಗಿ ಬಸ್ಸು ಅದಕ್ಕೂ ಮೊದಲಿನದು. ಚಕ್ರಗಳೂ 1969ರಲ್ಲಿ ಬಂದ ಸೂಪರ್‌ಫಾಸ್ಟ್ ಎಂಬ ವೇಗವಾಗಿ ಉರುಳುವ ಬಗೆಯವಲ್ಲ, ಅದಕ್ಕಿಂತ ಹಳೆಯ ಮಾದರಿಯವು.

ಪೆಟ್ಟಿಗೆಯ ಒಳಮಡಿಕೆಯಲ್ಲಿ ಪೆನ್ಸಿಲಿನಿಂದ, ಮಗುವಿನ ಸೊಟ್ಟ ಅಕ್ಷರದಲ್ಲಿ, ಮರಾಠಿಯಲ್ಲಿ ‘ಮಾಝೀ ಬಸ್’ ಎಂದಿದೆ. ನನ್ನ ಬಸ್ಸು! ಬರಹವಿದ್ದರೆ ಬೆಲೆ ಇಳಿಯುತ್ತದೆ, ಗೊತ್ತು. ಆದರೂ ಅಳಿಸುವುದಿಲ್ಲ. ಮಳೆಗಾಲದ ತೇವಕ್ಕೆ ಹೆದರಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೇನೆ.