ಸಹಾಯ ಬೇಕು: ತಿಪಟೂರು ಕಡೆಯ ಸರ್ಕಾರಿ ಪ್ರೌಢಶಾಲೆಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮಗಳು ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಮುಗಿಸುತ್ತಿದ್ದಾಳೆ. ಎಂಟಕ್ಕೆ ತಿಪಟೂರಿನ ಸರ್ಕಾರಿ ಪ್ರೌಢಶಾಲೆಗೇ ಸೇರಿಸಬೇಕೆಂಬುದು ನಮ್ಮ ಆಸೆ. ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ಪೋಷಕರು, ಈಗ ಓದುತ್ತಿರುವ ವಿದ್ಯಾರ್ಥಿಗಳು ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಶೇಕಡಾವಾರು ಎಲ್ಲರೂ ಹೇಳುತ್ತಾರೆ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿರುವಾಗ ಅದೊಂದರಿಂದಲೇ ಶಾಲೆಯನ್ನು ಅಳೆಯಲು ನನಗೆ ಮನಸ್ಸಿಲ್ಲ. ಗಣಿತ, ವಿಜ್ಞಾನಕ್ಕೆ ಕಾಯಂ ಶಿಕ್ಷಕರಿದ್ದಾರೆಯೇ? ಅತಿಥಿ ಶಿಕ್ಷಕರಾದರೆ ಜೂನ್‌ನಲ್ಲೇ ಬರುತ್ತಾರೆಯೇ, ಅಥವಾ ಅಷ್ಟು ದಿನ ತರಗತಿ ಖಾಲಿಯೇ? ನಾವು ನೋಡಿಬಂದ ಒಂದು ಶಾಲೆಯಲ್ಲಿ ಸೂಕ್ಷ್ಮದರ್ಶಕ ಬೀರುವಿನೊಳಗೆ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಕುಳಿತಿತ್ತು. ಮಗಳು ಗಾಜಿಗೆ ಮುಖವಿಟ್ಟು ನೋಡಿದಳು, ನನಗೆ ಹೊಟ್ಟೆ ಉರಿಯಿತು. ಪ್ರಯೋಗಗಳನ್ನು ಮಕ್ಕಳ ಕೈಯಿಂದ ಮಾಡಿಸುವ ಶಾಲೆ ಯಾವುದು?

ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದೆಯೇ ಎಂಬುದನ್ನೂ ಬರೆಯಿರಿ, ಸಂಕೋಚ ಬೇಡ.

ವಿದ್ಯಾರ್ಥಿಗಳೇ, ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಲು ನಿಮಗೆ ಭಯವಾಗುತ್ತದೆಯೇ? ಮಗಳಿಗೆ ತಿಳಿಯಬೇಕಾಗಿರುವುದು ಅದೇ. ಶಿಕ್ಷಕರ ಹೆಸರು ಬರೆಯುವುದು ಬೇಡ. ಸಂಜೆ ವಿಶೇಷ ತರಗತಿ ಮುಗಿದ ಮೇಲೆ ಹಳ್ಳಿಗಳಿಗೆ ಬಸ್ ಸಿಗುತ್ತದೆಯೇ ಎಂಬುದನ್ನೂ ತಿಳಿದವರು ಹೇಳಿ.