ಜರ್ಮನ್ ಫುಟ್‌ಬಾಲ್‌ನಲ್ಲಿ ಅಂಥದ್ದೇನಿದೆ? ಹೊಸಬರ ಪ್ರಶ್ನೆಗೆ ಬಲ್ಲವರ ಉತ್ತರ

ಪ್ರಶ್ನೆ: ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ಗೆ ಹೋಗ್ತಿದೀನಿ, ಸಂಸಾರನೂ ಜೊತೆಗೆ ಬರುತ್ತೆ. ಇಲ್ಲೀವರೆಗೆ ನೋಡಿರೋದು ಬರೀ ಇಂಗ್ಲಿಷ್ ಪ್ರೀಮಿಯರ್ ಲೀಗ್. ಅಲ್ಲಿನ ಮೊದಲ ದರ್ಜೆಯ ಲೀಗ್ ಬುಂಡೆಸ್‌ಲೀಗಾದಲ್ಲಿ ಮ್ಯೂನಿಕ್‌ನ ಬಯರ್ನ್ ಬಿಟ್ಟು ಬೇರೆ ಯಾರೂ ಗೆಲ್ಲಲ್ಲ ಅಂತಾರೆ. ಆದ್ರೂ ಅಲ್ಲಿ ಸ್ಟೇಡಿಯಂ ತುಂಬಿ ತುಳುಕುತ್ತೆ. ಜನರನ್ನ ಹಿಡಿದಿಟ್ಟಿರೋದು ಏನು? ಹೊಸಬರು ಎಲ್ಲಿಂದ ಶುರು ಮಾಡಬೇಕು? ತಿಳಿದವರು ವಿವರವಾಗಿ ಹೇಳಿ.

ಡೋರ್ಟ್‌ಮುಂಡ್‌ನಿಂದ: ಸರ್, ಮೊದಲು ಕ್ಲಬ್ಬಿನ ಯಜಮಾನ ಯಾರು ಅನ್ನೋದನ್ನ ತಿಳ್ಕೊಳ್ಳಿ. 1998ರಿಂದ ಇಲ್ಲಿ 50+1 ಅನ್ನೋ ನಿಯಮ ಇದೆ. ಕ್ಲಬ್ಬು ತನ್ನ ವೃತ್ತಿಪರ ತಂಡವನ್ನ ಕಂಪನಿ ಮಾಡಿ ಷೇರು ಮಾರಬಹುದು. ಆದರೆ ಅರ್ಧದಷ್ಟು ಓಟು, ಅದರ ಮೇಲೆ ಇನ್ನೊಂದು, ಕ್ಲಬ್ಬಿನ ಸದಸ್ಯರ ಸಂಘದ ಕೈಯಲ್ಲೇ ಉಳಿಯಬೇಕು. ಬಯರ್ನ್‌ನಲ್ಲಿ ಅಡಿಡಾಸ್, ಔಡಿ, ಅಲಿಯಾಂಝ್ ಮೂರೂ ಸೇರಿ ಕಾಲು ಪಾಲು, ಮಿಕ್ಕ ಮುಕ್ಕಾಲು ಸಂಘದ್ದು. ಡೋರ್ಟ್‌ಮುಂಡ್ 2000ದಿಂದ ಷೇರುಪೇಟೆಯಲ್ಲಿದೆ, ಆದರೆ ಆಡಳಿತ ನಡೆಸೋ ಕಂಪನಿ ಸಂಘದ್ದೇ. ಷೇರು ಎಷ್ಟೇ ಕೊಂಡರೂ ಚುಕ್ಕಾಣಿ ಸಿಗಲ್ಲ. ನಿಮ್ಮ ಸ್ಟುಟ್‌ಗಾರ್ಟ್‌ನಲ್ಲೂ ಮರ್ಸಿಡಿಸ್-ಬೆಂಜ್, ಪೋರ್ಷೆ ಷೇರುದಾರರು, ಬಹುಮತ ಮಾತ್ರ ಸದಸ್ಯರದು.

ಅಪವಾದಗಳಿವೆ. ಲೆವರ್‌ಕುಸೆನ್ ಬಾಯರ್ ಕಂಪನಿಯದು, ವೋಲ್ಫ್ಸ್‌ಬುರ್ಗ್ ಫೋಕ್ಸ್‌ವ್ಯಾಗನ್‌ನದು. ಬಹುಕಾಲದಿಂದ ತಂಡ ಸಾಕಿದ್ದಕ್ಕೆ ಸಿಕ್ಕ ವಿನಾಯಿತಿ ಅದು. ಸಾಫ್ಟ್‌ವೇರ್ ಕಂಪನಿ ಎಸ್‌ಎಪಿಯ ಸ್ಥಾಪಕರಲ್ಲೊಬ್ಬರಾದ ಡೀಟ್ಮಾರ್ ಹಾಪ್ ಅವರಿಗೂ ಹೋಫೆನ್‌ಹೈಮ್ ವಿಷಯದಲ್ಲಿ 2015ರಲ್ಲಿ ವಿನಾಯಿತಿ ಸಿಕ್ಕಿತ್ತು, 2023ರಲ್ಲಿ ಅವರೇ ಬಹುಮತದ ಹಕ್ಕನ್ನ ಸಂಘಕ್ಕೆ ವಾಪಸ್ ಕೊಟ್ಟರು. 2009ರಲ್ಲಿ ರೆಡ್ ಬುಲ್ ಕಟ್ಟಿದ ಲೈಪ್‌ಜಿಗ್ ಕಾಗದದ ಮೇಲೆ ನಿಯಮ ಪಾಲಿಸುತ್ತೆ, ಆದರೆ ಓಟಿನ ಹಕ್ಕಿರೋ ಸದಸ್ಯರು ಬೆರಳೆಣಿಕೆಯಷ್ಟು. ಬೇರೆ ಊರಿನ ಅಭಿಮಾನಿಗಳಿಗೆ ಆ ತಂಡದ ಮೇಲೆ ಇಷ್ಟು ಸಿಟ್ಟು ಯಾಕೆ ಅಂತ ನಿಮಗೆ ಬೇಗನೇ ಅರ್ಥ ಆಗುತ್ತೆ.

ಓಟಿದ್ದರೆ ಜನ ಸುಮ್ಮನಿರಲ್ಲ. 2017-18ರಲ್ಲಿ ಸೋಮವಾರ ರಾತ್ರಿ ಪಂದ್ಯ ಶುರುವಾಯ್ತು. ಮಾರನೇ ದಿನ ಕೆಲಸಕ್ಕೆ ಹೋಗೋರು ದೂರದ ಊರಿಂದ ವಾಪಸ್ ಬರೋದು ಹೇಗೆ ಅಂತ ಗಲಾಟೆ ಎದ್ದಿತು, 2021-22ರಿಂದ ಅದು ನಿಂತೇಹೋಯ್ತು. 2023ರ ಡಿಸೆಂಬರ್‌ನಲ್ಲಿ ಪ್ರಸಾರ ಹಕ್ಕಿನ ಆದಾಯದಲ್ಲಿ ಶೇ. 8ರವರೆಗೆ ಪಾಲನ್ನ ಹೂಡಿಕೆದಾರರಿಗೆ ಕೊಡೋ ಯೋಜನೆಗೆ ಕ್ಲಬ್ಬುಗಳು ಒಪ್ಪಿಗೆ ಕೊಟ್ಟವು. ಆಮೇಲೆ ವಾರಗಟ್ಟಲೆ ಟೆನಿಸ್ ಚೆಂಡು, ಚಾಕೊಲೇಟ್ ನಾಣ್ಯ ಮೈದಾನಕ್ಕೆ ಬಿದ್ದು ಪಂದ್ಯಗಳು ನಿಂತು ನಿಂತು ನಡೆದವು. 2024ರ ಫೆಬ್ರವರಿ 21ಕ್ಕೆ ಲೀಗ್ ಯೋಜನೆ ಕೈಬಿಟ್ಟಿತು. ನನ್ನ ಮಟ್ಟಿಗೆ ಜರ್ಮನ್ ಫುಟ್‌ಬಾಲ್‌ನ ಜೀವ ಇರೋದು ಇಲ್ಲೇ.

ಸ್ಟುಟ್‌ಗಾರ್ಟ್‌ನಿಂದ: ಟಿಕೆಟ್ ವಿಷಯ ನಾನು ಹೇಳ್ತೀನಿ. ಬಂದ ಕೂಡಲೇ ಕ್ಲಬ್ಬಿನ ಸದಸ್ಯರಾಗಿ. ಪಂದ್ಯದ ಟಿಕೆಟ್ ಮೊದಲು ಸದಸ್ಯರಿಗೆ, ಉಳಿದರೆ ಮಾತ್ರ ಸಾರ್ವಜನಿಕರಿಗೆ. ಬಯರ್ನ್, ಡೋರ್ಟ್‌ಮುಂಡ್ ಬಂದಾಗ ಉಳಿಯೋದೇ ಇಲ್ಲ. ಸಿಗದಿದ್ದರೆ ಕ್ಲಬ್ಬಿನದೇ ಮರುಮಾರಾಟದ ಪುಟ ನೋಡ್ತಿರಿ. ಸೀಸನ್ ಟಿಕೆಟ್ ಇರೋರು ಬರೋಕಾಗದಿದ್ದಾಗ ಅಲ್ಲಿ ಬಿಡ್ತಾರೆ, ಪಂದ್ಯದ ಹಿಂದಿನ ಎರಡು ದಿನ ಹೆಚ್ಚು ಬರುತ್ತವೆ. ಹೊರಗಿನ ಸೈಟುಗಳಲ್ಲಿ ದುಪ್ಪಟ್ಟು ಕೊಟ್ಟು ಕೊಂಡರೆ ಕ್ಲಬ್ಬು ಆ ಟಿಕೆಟ್ ರದ್ದು ಮಾಡಬಹುದು, ಗೇಟಿನಲ್ಲೇ ಸಿಕ್ಕಿಬೀಳ್ತೀರಿ.

ಹೊಸಬರು ಎಡವೋದು ದಿನಾಂಕದ ಹತ್ತಿರ. ಸೀಸನ್ ಶುರುವಿಗೆ ಮೊದಲೇ ವೇಳಾಪಟ್ಟಿ ಬರುತ್ತೆ, ಆದರೆ ಅದರಲ್ಲಿರೋದು ಯಾವ ವಾರಾಂತ್ಯ ಅಂತ ಮಾತ್ರ. ಶುಕ್ರವಾರವೋ ಭಾನುವಾರವೋ ಅನ್ನೋದು ಕೆಲವು ವಾರ ಮೊದಲಷ್ಟೇ ನಿಗದಿಯಾಗುತ್ತೆ, ಯಾಕಂದ್ರೆ ವಾರದ ಮಧ್ಯೆ ಯುರೋಪಿನ ಪಂದ್ಯ ಆಡೋ ತಂಡಗಳಿಗೆ ಬಿಡುವು ಹೊಂದಿಸಬೇಕು. ಬೇರೆ ಊರಿನ ಪಂದ್ಯಕ್ಕೆ ರೈಲು, ಹೋಟೆಲು ಅದಕ್ಕೂ ಮುಂಚೆ ಬುಕ್ ಮಾಡಿದರೆ ದುಡ್ಡು ಹೋಯ್ತು ಅಂತಲೇ ಲೆಕ್ಕ.

ಗೋಲಿನ ಹಿಂದೆ ನಿಂತು ನೋಡೋ ಜಾಗಕ್ಕೆ ಬಹಳ ಕಡೆ 15ರಿಂದ 20 ಯೂರೊ ಆಸುಪಾಸು. ನಿಲ್ಲೋ ಜಾಗಕ್ಕೆ ಸೀಟ್ ನಂಬರ್ ಇರಲ್ಲ, ಮೊದಲು ಬಂದವರಿಗೆ ಒಳ್ಳೇ ಮೆಟ್ಟಿಲು. ಒಂದೂವರೆ ಗಂಟೆ ಮುಂಚೆ ಬನ್ನಿ. ನಟ್ಟನಡುವೆ ಅಲ್ಟ್ರಾಗಳು, ಅಂದ್ರೆ ಗುಂಪು ಕಟ್ಟಿಕೊಂಡ ಕಟ್ಟಾ ಅಭಿಮಾನಿಗಳು ಇರ್ತಾರೆ. ಮೆಗಾಫೋನ್ ಹಿಡಿದ ಅವರ ಮುಂದಾಳು, ಕ್ಯಾಪೊ, ಆಟಕ್ಕೆ ಬೆನ್ನು ಹಾಕಿ ಹಾಡಿಸ್ತಿರ್ತಾನೆ, ಬಾವುಟಗಳಿಂದ ಚೆಂಡೇ ಕಾಣಲ್ಲ. ಅಲ್ಲಿ ಫೋನ್ ಎತ್ತಿ ಅವರ ವಿಡಿಯೊ ಮಾಡಬೇಡಿ, ಅವರಿಗೆ ಅದು ಸೇರಲ್ಲ. ಮೊದಲ ಸಲಕ್ಕೆ ಅಂಚಿನ ಬ್ಲಾಕು ಸಾಕು. ಸ್ಟುಟ್‌ಗಾರ್ಟ್‌ನಲ್ಲಿ ಈ ಭಾಗದ ಹೆಸರು ಕಾನ್‌ಸ್ಟಾಟರ್ ಕುರ್ವೆ. ಎದುರಾಳಿಯ ಬಣ್ಣ ತೊಟ್ಟು ಅಲ್ಲಿಗೆ ಕಾಲಿಡಬೇಡಿ.

ಎ4 ಕಾಗದಕ್ಕಿಂತ ದೊಡ್ಡ ಬ್ಯಾಗು ಸಾಮಾನ್ಯವಾಗಿ ಒಳಗೆ ಬಿಡಲ್ಲ. ಬಹಳಷ್ಟು ಕ್ಲಬ್ಬುಗಳ ಟಿಕೆಟ್‌ನಲ್ಲೇ ಆ ದಿನದ ಸ್ಥಳೀಯ ರೈಲು, ಬಸ್ಸಿನ ಪ್ರಯಾಣ ಸೇರಿರುತ್ತೆ. ಟಿಕೆಟ್ ಮೇಲೆ ಬರೆದಿರುತ್ತೆ, ಓದ್ಕೊಳ್ಳಿ. ದೂರದ ಎಕ್ಸ್‌ಪ್ರೆಸ್ ರೈಲಿಗೆ ಅದು ನಡೆಯಲ್ಲ. ಇಲ್ಲಿನ ಮೈದಾನಕ್ಕೆ ಎಸ್1 ಲೋಕಲ್ ರೈಲು ಹತ್ತಿ ನೆಕರ್‌ಪಾರ್ಕ್‌ನಲ್ಲಿ ಇಳೀರಿ. ಬಿಯರ್ ಕಪ್ಪಿಗೆ ಠೇವಣಿ ಹಿಡೀತಾರೆ, ಖಾಲಿ ಕಪ್ಪು ಕೊಟ್ಟರೆ ವಾಪಸ್.

ಬೆಂಗಳೂರಿನಿಂದ: ಊರಲ್ಲಿ ಕೂತು ನೋಡೋರಿಗೂ ಇದು ಹೇಳಿ ಮಾಡಿಸಿದ ಲೀಗ್. ಶನಿವಾರ ಮಧ್ಯಾಹ್ನ ಅಲ್ಲಿ 3:30 ಅಂದ್ರೆ ನಮಗೆ ಚಳಿಗಾಲದಲ್ಲಿ ರಾತ್ರಿ 8, ಬೇಸಿಗೆಯಲ್ಲಿ 7. ಸಂಜೆ 6:30ರ ಪಂದ್ಯ ನಮಗೆ 11 ಅಥವಾ 10. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆ ಭಾನುವಾರ ಅವರು ಗಡಿಯಾರ ಬದಲಿಸ್ತಾರೆ, ಆ ವಾರ ಅರ್ಧ ಪಂದ್ಯ ತಪ್ಪಿಸಿಕೊಳ್ಳೋರು ಬಹಳ.

ಇನ್ನು ಆಟ. ಚೆಂಡು ಕಳೆದುಕೊಂಡ ಮೇಲಿನ ಐದು ಸೆಕೆಂಡು ನೋಡಿ. ಇಂಗ್ಲೆಂಡಿನಲ್ಲಿ ನೀವು ನೋಡಿರೋ, ಲಿವರ್‌ಪೂಲ್ ಕೋಚ್ ಆಗಿದ್ದ ಕ್ಲಾಪ್ ಅವರ ಶೈಲಿ ಬೆಳೆದದ್ದು ಇಲ್ಲೇ: ಚೆಂಡು ಹೋದ ಜಾಗದಲ್ಲೇ ಮೂರು ನಾಲ್ಕು ಜನ ಮುಗಿಬಿದ್ದು ಕಿತ್ತುಕೊಳ್ಳೋದು. ಕೋಚ್ ರಾಂಗ್ನಿಕ್ ಕೈಯಲ್ಲಿ ಆಗಷ್ಟೇ ಎರಡನೇ ದರ್ಜೆಯಿಂದ ಮೇಲೆ ಬಂದ ಹೋಫೆನ್‌ಹೈಮ್ 2008ರ ಅರ್ಧ ಸೀಸನ್ ಮುಗಿಯೋ ಹೊತ್ತಿಗೆ ಪಟ್ಟಿಯ ತುದಿಯಲ್ಲಿತ್ತು. ಕ್ಲಾಪ್ ಅವರ ಡೋರ್ಟ್‌ಮುಂಡ್ 2011, 2012ರಲ್ಲಿ ಪ್ರಶಸ್ತಿ ಗೆದ್ದಿತು. ಇದರಲ್ಲಿ ಅಪಾಯನೂ ಇದೆ. ರಕ್ಷಣಾ ಸಾಲು ಮೈದಾನದ ನಡುಗೆರೆವರೆಗೆ ಬಂದಿರುತ್ತೆ, ಒಂದು ಪಾಸ್ ತಪ್ಪಿಸಿಕೊಂಡು ಹೋಯ್ತು ಅಂದ್ರೆ ಹಿಂದೆಲ್ಲ ಬಯಲು. ಪಂದ್ಯಕ್ಕೆ ಸರಾಸರಿ ಮೂರು ಗೋಲಿನ ಸುತ್ತಮುತ್ತ ಬೀಳೋದು ಹೀಗೆ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತೆ, ಸಾಲುಗಳು ಏರಿ ಇಳಿಯೋದು ಕಾಣಬೇಕಾದರೆ ಗೋಲಿನ ಹಿಂದೆ ಮೇಲಿನ ಮೆಟ್ಟಿಲು ಒಳ್ಳೇದು.

ಬಯರ್ನ್ ಮಾತು ಸುಳ್ಳಲ್ಲ, 2013ರಿಂದ 2023ರವರೆಗೆ ಸತತ ಹನ್ನೊಂದು ಪ್ರಶಸ್ತಿ. ಆದರೆ 2023ರದ್ದು ಕೊನೇ ದಿನ ಡೋರ್ಟ್‌ಮುಂಡ್ ಮೈನ್ಸ್ ಜೊತೆ 2-2 ಮಾಡಿಕೊಂಡು, ಕೊಲೋನ್‌ನಲ್ಲಿ ಬಯರ್ನ್‌ನ ಮುಸಿಯಾಲಾ 89ನೇ ನಿಮಿಷ ಗೋಲು ಹೊಡೆದಾಗ ಸಿಕ್ಕಿದ್ದು. ಮರುವರ್ಷ ಕೋಚ್ ಶಾಬಿ ಅಲೊನ್ಸೊ ಅವರ ಲೆವರ್‌ಕುಸೆನ್ 28 ಗೆಲುವು, 6 ಡ್ರಾ, ಒಂದೂ ಸೋಲಿಲ್ಲದೆ ಲೀಗ್ ಗೆದ್ದಿತು.

ಬರ್ಲಿನ್‌ನಿಂದ: ಡೋರ್ಟ್‌ಮುಂಡ್‌ನವರ ಮಾತಿಗೆ ಒಂದು ಸೇರಿಸ್ತೀನಿ. 50+1 ಇದ್ದೂ ದುಡ್ಡಿನ ಅಂತರ ಕಮ್ಮಿ ಆಗಿಲ್ಲ. ಗೊಟ್ಸೆ, ಲೆವಾಂಡೊವ್‌ಸ್ಕಿ, ಹುಮ್ಮೆಲ್ಸ್ ಮೂವರೂ ಡೋರ್ಟ್‌ಮುಂಡ್ ಬಿಟ್ಟು ಬಯರ್ನ್ ಸೇರಿದರು. ಹಾಗಾಗಿ ನಿಯಮ ಒಂದೇ ಕಾರಣ ಅಂತ ಒಪ್ಪೋಕಾಗಲ್ಲ. ಊರಿನ ನಂಟು ನಿಯಮಕ್ಕಿಂತ ಹಳೇದು. ಯೂನಿಯನ್ ಬರ್ಲಿನ್ ಮೈದಾನ ಕೆಟ್ಟುಹೋಗಿದ್ದಾಗ, 2008ರಿಂದ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಸೇರಿ ಸಂಬಳವಿಲ್ಲದೆ ಸುಮಾರು 1,40,000 ಗಂಟೆ ದುಡಿದು ಅದನ್ನ ಕಟ್ಟಿಕೊಂಡರು. 22,000 ಜನ ಹಿಡಿಸುತ್ತೆ, ಹೆಚ್ಚಿನವರು ನಿಂತೇ ನೋಡೋದು. 2019ರಲ್ಲಿ ತಂಡ ಮೊದಲ ಬಾರಿ ಬುಂಡೆಸ್‌ಲೀಗಾಗೆ ಬಂತು.

ಎರಡನೇ ದರ್ಜೆಯನ್ನ ಕಡೆಗಣಿಸಬೇಡಿ. ಬುಂಡೆಸ್‌ಲೀಗಾ ಶುರುವಾದ 1963ರಿಂದ ಒಮ್ಮೆಯೂ ಕೆಳಗಿಳಿಯದಿದ್ದ ಹ್ಯಾಂಬುರ್ಗ್ 2018ರಲ್ಲಿ ಇಳಿದು, ಮೇಲೆ ಬರೋಕೆ 2025ರವರೆಗೆ ಕಾಯಬೇಕಾಯ್ತು. ಶಾಲ್ಕೆ, ಹೆರ್ತಾ 2023ರಲ್ಲಿ ಒಟ್ಟಿಗೆ ಇಳಿದವು. ತಂಡ ಇಳಿದರೂ ಜನ ಬಿಡಲ್ಲ. ಸೀಸನ್ ಕೊನೆಗೆ, ಮೇಲಿನ ದರ್ಜೆಯ 16ನೇ ತಂಡಕ್ಕೂ ಕೆಳಗಿನ 3ನೇ ತಂಡಕ್ಕೂ ಮೇಲಿನ ದರ್ಜೆಯ ಜಾಗಕ್ಕಾಗಿ ನಡೆಯೋ ಎರಡು ಪಂದ್ಯ ತಪ್ಪಿಸಬೇಡಿ. ಬೇರೆ ಬೇರೆ ದರ್ಜೆಯ ತಂಡಗಳು ಸೆಣಸೋ ಪೊಕಾಲ್ ಕಪ್‌ನ ಮೊದಲ ಸುತ್ತಲ್ಲಿ 64 ತಂಡ, ಚಿಕ್ಕ ತಂಡಗಳಿಗೆ ತವರು ಮೈದಾನ, ಒಂದೇ ಪಂದ್ಯಕ್ಕೆ ತೀರ್ಮಾನ. ಮೂರನೇ ದರ್ಜೆಯ ಸಾರ್‌ಬ್ರೂಕೆನ್ 2023ರಲ್ಲಿ ಬಯರ್ನ್ ಅನ್ನು 2-1ರಿಂದ ಮನೆಗೆ ಕಳಿಸಿತು. ಅದೇ ದರ್ಜೆಯ ಬೀಲೆಫೆಲ್ಡ್ 2025ರಲ್ಲಿ ಲೆವರ್‌ಕುಸೆನ್‌ನ ಸೋಲಿಸಿ ಫೈನಲ್ ತಲುಪಿತು, ಅಲ್ಲಿ ಸ್ಟುಟ್‌ಗಾರ್ಟ್ 4-2ರಿಂದ ಗೆದ್ದಿತು.

ಕೇಳಿದವರು: ಎಲ್ಲರಿಗೂ ಧನ್ಯವಾದ. ಆರು ವರ್ಷದ ಮಗಳನ್ನ ಕರ್ಕೊಂಡು ಹೋಗಬಹುದಾ?

ಸ್ಟುಟ್‌ಗಾರ್ಟ್‌ನಿಂದ: ಧಾರಾಳವಾಗಿ, ಆದರೆ ಗೋಲಿನ ಹಿಂದೆ ಬೇಡ. ನಿಂತವರ ನಡುವೆ ಮಗುವಿಗೆ ಏನೂ ಕಾಣಲ್ಲ. ಪೈರೊ, ಅಂದ್ರೆ ಬಣ್ಣದ ಬೆಂಕಿ-ಹೊಗೆಯ ಕಡ್ಡಿಗಳಿಗೆ ನಿಷೇಧ ಇದ್ದರೂ ಹಚ್ಚೋರು ಹಚ್ತಾರೆ, ಹೊಗೆ ತುಂಬುತ್ತೆ. ಕುಟುಂಬದ ಬ್ಲಾಕಿನಲ್ಲಿ ಸೀಟು ತಗೊಳ್ಳಿ, ಮಕ್ಕಳಿಗೆ ರಿಯಾಯಿತಿ ಇರುತ್ತೆ. ಕಿವಿ ಮುಚ್ಚೋ ಮಕ್ಕಳ ಹೆಡ್‌ಸೆಟ್ ಇರಲಿ. ಚಳಿಗಾಲದಲ್ಲಿ ಕಾಂಕ್ರೀಟ್ ನೆಲದ ತಂಡಿ ಕಾಲಿಗೆ ಏರುತ್ತೆ, ದಪ್ಪ ಕಾಲುಚೀಲ ಎರಡು ಜೊತೆ ಹಾಕಿಸಿ. ಆಟಗಾರರ ಉಪನಾಮ ಮನೆಯಲ್ಲೇ ಕಲಿಸಿಬಿಡಿ: ನಮ್ಮವರು ಗೋಲು ಹೊಡೆದಾಗ ಮೈಕಿನಲ್ಲಿ ಮೊದಲ ಹೆಸರು ಮಾತ್ರ ಕೂಗ್ತಾರೆ, ಉಪನಾಮ ಕೂಗೋದು ಸ್ಟೇಡಿಯಂ.